ತಿಳಿನೀಲಿ ಸಿಲಿಂಡರು

ತೆಮಾದ ಬಂದರಿನಲ್ಲಿ ಯಾವ ಹೆಂಗಸೂ ಕಿವಿರು ಎತ್ತಿ ನೋಡದೆ ಮೀನು ಕೊಳ್ಳುವುದಿಲ್ಲ. ಮೀನು ಮಾರುವವಳ ಹೊಟ್ಟೆಯಲ್ಲಿ ಹುಟ್ಟಿ, ಇಪ್ಪತ್ತು ವರ್ಷದಿಂದ ಫ್ರಿಜ್ ರಿಪೇರಿ ಮಾಡಿಕೊಂಡಿದ್ದ ಓಡಾರ್ಲಿಯೂ ಅಷ್ಟೇ. ಗೇಜು ಹಚ್ಚಿ ಒತ್ತಡ ನೋಡದೆ ಯಾವ ಗ್ಯಾಸನ್ನೂ ನಂಬಿದವಳಲ್ಲ.

ಅಂದು ಶಾಮಿಯಾನದ ಕೆಳಗೆ ನಲವತ್ತು ಮೆಕ್ಯಾನಿಕರನ್ನು ಸಾಲಾಗಿ ನಿಲ್ಲಿಸಿದ್ದರು. ಅರವತ್ತು ವರ್ಷ ಆಕಾಶಕ್ಕೆ ತೂತು ಕೊರೆದ ದೇಶಗಳು ಒಪ್ಪಂದ ಬರೆದು, ಈಗ ತೂತಿನ ಪಾಠ ಹೇಳಲು ಒಬ್ಬ ಬಿಳಿಯ ಅತಿಥಿಯನ್ನೂ ಕಳಿಸಿದ್ದವು. ಓಜೋನ್ ತಿನ್ನುವ ಹಳೆಯ ಇಪ್ಪತ್ತೆರಡು ನಂಬರಿನ ಗ್ಯಾಸು ಬಿಡಬೇಕು, ತಿನ್ನದ ನೂರ ಮೂವತ್ನಾಲ್ಕನ್ನು ತುಂಬಬೇಕು. ಅದರ ತಿಳಿನೀಲಿ ಸಿಲಿಂಡರು ಪುಕ್ಕಟೆ. ‘ಸರಿಯಾದ ಗ್ಯಾಸು ಸಿಕ್ಕಿದೆ’ ಎಂಬ ರಸೀದಿಗೆ ಸಹಿ ಹಾಕಿದವರಿಗೆ ಲೈಸೆನ್ಸು. ಲೈಸೆನ್ಸು ಇಲ್ಲದವರ ಅಂಗಡಿಗೆ ಬೀಗ.

ಓಡಾರ್ಲಿಯ ಸರದಿ ಬಂತು. ಅವಳು ಚೀಲದಿಂದ ಗೇಜು ತೆಗೆದು ಸಿಲಿಂಡರಿಗೆ ತಿರುಗಿಸಿದಳು.

"ಏನಮ್ಮಾ ಅದು? ಫೋಟೋದವರು ಕಾಯ್ತಿದಾರೆ" ಎಂದ ಅಧಿಕಾರಿ ಅಂಪೊನ್ಸಾ. ಇಸ್ತ್ರಿ ಮುರಿಯದ ಅಂಗಿ, ಸ್ಪ್ಯಾನರ್ ಹಿಡಿದೇ ಅರಿಯದ ಬೆರಳು.

"ಕಿವಿರು ನೋಡ್ತಿದೀನಿ ಸಾರ್."

"ಮೇಲೆ ಚೀಟಿ ಅಂಟಿಸಿದೆಯಲ್ಲ."

"ಚೀಟಿ ಅಂಟಿಸಿದ್ರೆ ಕೊಳೆತ ಮೀನು ಈಜುತ್ತಾ?"

ಸಾಲಿನಲ್ಲಿ ನಗು ಎದ್ದು ಅಲ್ಲೇ ಸತ್ತಿತು. ನೆರಳಲ್ಲಿ ಮೂವತ್ತು ಡಿಗ್ರಿ ಸೆಕೆ. ಹೊಸ ಗ್ಯಾಸಾದರೆ ಮುಳ್ಳು ನೂರರ ಹತ್ತಿರ ನಿಲ್ಲಬೇಕು. ಅದು ನೂರ ಅರವತ್ತಕ್ಕೆ ಹೋಗಿ ಕೂತಿತು.

"ಇದು ಹಳೇ ಇಪ್ಪತ್ತೆರಡು ಸಾರ್. ಅವರ ದೇಶದಲ್ಲಿ ಬೇಡ ಅಂತ ಬಿಸಾಕಿದ್ದಕ್ಕೆ ಇಲ್ಲಿ ನೀಲಿ ಬಳಿದಿದಾರೆ. ಹೊಸ ಗ್ಯಾಸಿನ ಫ್ರಿಜ್ಜಿಗೆ ಇದನ್ನ ತುಂಬಿದ್ರೆ ಕಂಪ್ರೆಸರ್ ಸಾಯುತ್ತೆ. ಬೈಸ್ಕೊಳೋದು ನಾನು."

ಅಂಪೊನ್ಸಾ ದನಿ ಇಳಿಸಿದ. "ಟೆಂಡರ್ ಮುಗಿದಿದೆ. ಸಹಿ ಹಾಕಿ ಹೋಗು. ಮನೇಲಿ ಬೇಕಾದ್ರೆ ಅಳತೆ ಮಾಡ್ಕೊ."

ಬಿಳಿಯ ಅತಿಥಿಯ ಕಣ್ಣು ಗೇಜಿನ ಮುಳ್ಳಿನ ಮೇಲೆ ಒಂದು ಗಳಿಗೆ ನಿಂತಿತು. ಅವನಿಗೂ ಓದಲು ಬರುತ್ತಿತ್ತು. ಆಮೇಲೆ ಅವನು ನೀರಿನ ಬಾಟಲಿಯ ಮುಚ್ಚಳ ತೆರೆಯುವುದರಲ್ಲಿ ಬಹಳ ಹೊತ್ತು ಮಗ್ನನಾದ.

ಓಡಾರ್ಲಿ ರಸೀದಿಯ ಮೇಲೆ ದಪ್ಪಕ್ಷರದಲ್ಲಿ ಬರೆದಳು: ‘ಒತ್ತಡ ನೂರ ಅರವತ್ತು. ಇದು ಇಪ್ಪತ್ತೆರಡು.’ ಅದರ ಕೆಳಗೆ ಸಹಿ ಹಾಕಿದಳು.

ಅಂಪೊನ್ಸಾ ಅವಳ ಹೆಸರಿಗೆ ಬರೆದಿಟ್ಟಿದ್ದ ಲೈಸೆನ್ಸನ್ನು ಜೇಬಿಗೆ ಇಳಿಸಿಕೊಂಡ. "ಅಂಗಡಿ ಮುಚ್ಕೊಂಡು ಕೂತ್ಕೊ ಹಾಗಾದ್ರೆ."

"ಇಟ್ಕೊಳಿ ಸಾರ್. ಹುರಿದ ಮೀನು ಸುತ್ತೋಕೂ ಆ ಕಾಗದ ಚಿಕ್ಕದು."

ಸಿಲಿಂಡರನ್ನು ಮೇಜಿನ ಮೇಲೇ ಬಿಟ್ಟು ಅವಳು ಹೊರಟಳು. ಹಿಂದೆ ಸಾಲು ಮುಂದಕ್ಕೆ ಜರುಗಿತು. ಸಹಿ, ಫೋಟೋ. ಮತ್ತೆ ಸಹಿ, ಫೋಟೋ. ಅವಳಿಗೆ ಕೆಲಸ ಕಲಿಸಿದ್ದ ಲಾರ್ಟೆಯೂ ಸಹಿ ಹಾಕಿದ.

ಗೇಟಿನ ಹತ್ತಿರ ಅವನು ಏದುಸಿರು ಬಿಡುತ್ತ ಬಂದ. ಹೆಗಲ ಮೇಲೆ ನೀಲಿ ಸಿಲಿಂಡರು, ಎದೆ ಜೇಬಲ್ಲಿ ಹೊಸ ಲೈಸೆನ್ಸು.

"ಓಡಾರ್ಲಿ, ಗೇಜು ಒಂಚೂರು ಕೊಡೆ. ನಂದನ್ನೂ ನೋಡ್ಬಿಡ್ತೀನಿ."

ಗೇಜು ಹಚ್ಚದೆ ಯಾವುದನ್ನೂ ಮುಟ್ಟಬೇಡ ಎಂದು ಅವಳ ತಲೆಗೆ ಮೊಟಕಿ ಹೇಳಿಕೊಟ್ಟಿದ್ದವನು ಇವನೇ.

"ನೋಡಿ ಏನ್ ಮಾಡ್ತೀಯಾ ಮಾಸ್ಟರ್?" ಅವಳು ಚೀಲದ ಬಾಯಿ ಬಿಗಿದಳು. "ಕೊಳೆತಿದ್ದು ಅಂತ ಗೊತ್ತಿದ್ದೂ ತಿಂದಾಯ್ತಲ್ಲ."