ಕಡಲಡಿಯ ಸದ್ದು

ಸೀತೂರಿನ ಕೂಲಿಯಾಳು ಗಿಡ್ಡಯ್ಯನ ಮಗ ಯೋಗೇಶನಿಗೆ ನೌಕಾಪಡೆಯಲ್ಲಿ ಒಂದೇ ಕೆಲಸ. ಹೆಡ್‌ಫೋನ್ ಹಾಕಿಕೊಂಡು ಕಡಲಡಿಯ ಸದ್ದು ಕೇಳುವುದು. ಅವನ ಸಣ್ಣ ಹಡಗು ವಿಮಾನ ಹೊರುವ ದೊಡ್ಡ ಹಡಗಿಗೆ ಕಾವಲು. ಆ ದೈತ್ಯನಿಗೆ ಆಕಾಶಕ್ಕಿಂತ ಹೆಚ್ಚಿನ ಭಯ, ಕಳ್ಳಹೆಜ್ಜೆಯಲ್ಲಿ ನೀರಡಿ ಬರುವ ಜಲಾಂತರ್ಗಾಮಿಯದು.

ಹೋದ ತಿಂಗಳ ಯುದ್ಧಾಭ್ಯಾಸದಲ್ಲಿ ಶತ್ರುವಿನ ಪಾತ್ರದ ಜಲಾಂತರ್ಗಾಮಿ ಬಂತು. ಯೋಗೇಶನಿಗೆ ಸ್ಪಷ್ಟವಾಗಿ ಕೇಳಿಸಿತು. ಅಧಿಕಾರಿ ಕೇಳಿದಾಗ ಮಾತ್ರ, "ಇರಬಹುದೇನೋ ಸಾರ್" ಅಂದುಬಿಟ್ಟ. ಧಣಿಗಳೆದುರು ಖಂಡಿತವಾಗಿ ಮಾತಾಡುವುದು ಅವನ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಧಿಕಾರಿ ಮೀನಿನ ಹಿಂಡೆಂದು ಬರೆದುಕೊಂಡ. ಕಾಲು ಗಂಟೆಯಲ್ಲಿ ದೊಡ್ಡ ಹಡಗಿನ ಪಕ್ಕದಲ್ಲೇ ನೀರೊಳಗಿಂದ ಹಸಿರು ಬೆಳಕು ಚಿಮ್ಮಿತು. ನಿಜವಾದ ಯುದ್ಧವಾಗಿದ್ದರೆ ನೀವು ಮುಳುಗಿರುತ್ತಿದ್ದಿರಿ ಎಂದು ಅದರರ್ಥ.

ಯೋಗೇಶನನ್ನು ಉಗ್ರಾಣದ ಕೆಲಸಕ್ಕೆ ಹಾಕಿ ಕೆಲವು ದಿನ ರಜೆ ಕೊಟ್ಟರು. ರಜೆ ಮುಗಿಯುವುದರೊಳಗೆ "ನನಗೆ ಖಂಡಿತ ಕೇಳಿಸಿತ್ತು" ಎಂದು ಬರೆದುಕೊಟ್ಟರೆ ಮರುವಿಚಾರಣೆ, ಅದರಲ್ಲಿ ಗೆದ್ದರೆ ಹಳೆಯ ಕೆಲಸ. ಹೆಡ್‌ಫೋನ್ ಇಲ್ಲದ ನೌಕರಿ ಅವನಿಗೆ ಬೇಡವಾಗಿತ್ತು. ಬರೆದೇ ತೀರುತ್ತೇನೆಂದು ಊರಿಗೆ ಬಂದ.

ಮರುದಿನ ಅಪ್ಪನ ಜೊತೆ ಧಣಿ ಸೋಮಶೇಖರಪ್ಪನವರ ಗದ್ದೆಗೆ ಹೋದ. ಪಂಪ್‌ಸೆಟ್ ಓಡುತ್ತಿತ್ತು.

"ಎಂತದೋ ಗಿಡ್ಡಯ್ಯ, ಮೋಟಾರು ಸರಿ ಉಂಟಾ?" ಧಣಿ ಕೇಳಿದರು.

"ಸರಿ ಇರಬೌದೇನೋ ಅಯ್ಯಾ."

"ಬೇರಿಂಗ್ ಹೋಗಿದೆ, ಆಫ್ ಮಾಡಿ," ಅಂದ ಯೋಗೇಶ.

ಸೋಮಶೇಖರಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದರು. ಹಡಗಿನ ಸಂಗತಿಯನ್ನೆಲ್ಲ ಗಿಡ್ಡಯ್ಯನೇ ಅವರಿಗೆ ಹೇಳಿದ್ದ. "ಜಲಾಂತರ್ಗಾಮಿನೇ ಕೇಳ್ಸದವನಿಗೆ ನನ್ನ ಬೇರಿಂಗ್ ಕೇಳ್ತಂತೆ ಮಾರಾಯ." ಗಿಡ್ಡಯ್ಯ ಹಲ್ಲುಕಿರಿದು ನಕ್ಕ.

"ಖಂಡಿತ ಹೇಳ್ತೀಯೇನೋ?" ಧಣಿ ಮತ್ತೆ ಕೇಳಿದರು.

ಯೋಗೇಶ ಮೋಟಾರಿನಿಂದ ಒಂದು ಹೆಜ್ಜೆ ಹಿಂದೆ ಸರಿದ. "ನನಗೇ ತಪ್ಪಿ ಕೇಳ್ಸಿರಬೌದು ಅಯ್ಯಾ."

ಅರ್ಧ ಗಂಟೆಯಲ್ಲಿ ಮೋಟಾರು ಹೊಗೆಯುಗುಳಿ ನಿಂತಿತು. ಸೋಮಶೇಖರಪ್ಪ ಗಿಡ್ಡಯ್ಯನನ್ನು ಬಾಯಿಗೆ ಬಂದಂತೆ ಬೈದರು. ಅವನು ಕೈಮುಗಿದು ತಪ್ಪಾಯ್ತೆಂದ.

ದಾರಿಯಲ್ಲಿ ಯೋಗೇಶ ಕೇಳಿದ. "ಅಪ್ಪಾ, ನಿಂಗೆ ಕೇಳ್ಸಿರ್ಲಿಲ್ವಾ?"

"ಎಂಟು ದಿನದಿಂದ ಕೇಳ್ತಿತ್ತು ಮಗ."

"ಮತ್ತೆ ಹೇಳೋದಲ್ವಾ?"

"ನಾವು ಹೇಳಿ ಅವರು ಕೇಳೋದುಂಟಾ? ಬೈಸ್ಕೊಂಡ್ರೆ ಮುಗೀತು."

ಯೋಗೇಶನಿಗೆ ಅಪ್ಪನ ಮೇಲೆ ಬಂದ ಸಿಟ್ಟು ತನ್ನ ಮೇಲೆಯೇ ತಿರುಗಿತು. ಕಾಗದದ ಮೇಲೆ ಖಂಡಿತವೆಂದು ಬರೆಯಬಹುದಿತ್ತು. ಆದರೆ ವಿಚಾರಣೆಯಲ್ಲಿ ಎದುರು ನಿಲ್ಲಿಸಿ ಒಮ್ಮೆ ಗಟ್ಟಿಯಾಗಿ ಕೇಳಿದರೆ ತಾನೇನು ಹೇಳುತ್ತೇನೆಂಬುದು ಇವತ್ತು ಗೊತ್ತಾಗಿಹೋಗಿತ್ತು. ರಜೆ ಇನ್ನೂ ನಾಲ್ಕು ದಿನ ಇರುವಾಗಲೇ ಕಮ್ಮರಡಿಗೆ ಹೋಗಿ ಉಗ್ರಾಣದ ಕೆಲಸಕ್ಕೇ ಮರಳಲು ಬಸ್ ಹತ್ತಿದ. ಏನನ್ನೂ ಬರೆಯಲಿಲ್ಲ.