ಕಾಕಾ ಇಳಿಸಿದ ದರ

ಉಮಾಶ್ರೀ ಬಿಡಿಭಾಗ ಕೊಂಡು ಜೋಡಿಸಿದ ಹೊಸ ಗೇಮಿಂಗ್ ಕಂಪ್ಯೂಟರಿನಲ್ಲಿ ಒಳ್ಳೆಯ ಪವರ್ ಸಪ್ಲೈ ಇರಲಿಲ್ಲ. ಮೂರನೇ ದಿನ ಆಟದ ನಡುವೆ ಹೊಗೆ ಎದ್ದು, ಕಂಪ್ಯೂಟರಿನ ಡಬ್ಬಿ ಬಿಚ್ಚಿದಾಗಲೇ ಅವಳಿಗೆ ಅದು ಗೊತ್ತಾದದ್ದು. ಅವಳು ಪಟ್ಟಿಯಲ್ಲಿ ಬರೆದ ಕಂಪನಿಯದಲ್ಲ, ಹೆಸರೇ ಕೇಳದ ಯಾವುದೋ ಮಾಲು.

ಅಂಗಡಿಗೆ ಜೊತೆಗೆ ಬಂದಿದ್ದವರು ಹತ್ತಿ ವ್ಯಾಪಾರಿ ರಾಜಶೇಖರ ಕಾಕಾ. ಚೌಕಾಸಿ ಮಾಡದೆ ಕೊಳ್ಳುವುದು ಅವರಿಗೆ ಮನೆತನದ ಅವಮಾನ. ಅವಳು ಕೀಬೋರ್ಡ್ ನೋಡುತ್ತಿದ್ದಾಗ ಪವರ್ ಸಪ್ಲೈಯನ್ನು ಅಗ್ಗದ್ದಕ್ಕೆ ಬದಲಿಸಿಬಿಟ್ಟಿದ್ದರು.

ಅವಳು ಕೇಳಿದಾಗ ಚಹಾ ಕುಡಿಯುತ್ತಿದ್ದ ಕಾಕಾ ಅಂದರು, “ಎರಡರ ಮ್ಯಾಲೂ ಅಷ್ಟೇ ವ್ಯಾಟ್ ಅಂತ ಬರದಿತ್ತಲ್ಲವಾ! ಎರಡು ಸಾವಿರ ಉಳಿಸೇನಿ ನಿಂಗ.”

“ಹತ್ತಿ ಮೂಟಿ ಮ್ಯಾಲ ಬರದದ್ದು ನಂಬತೀರೇನ್ರಿ ಕಾಕಾ? ಒಳಗ ಕೈ ಹಾಕಿ ಹತ್ತಿ ಎಳಿ ಜಗ್ಗಿ ನೋಡೂದಿಲ್ಲ? ನನ್ನ ಮಾಲಿಗೆ ಯಾಕ ಕುರುಡ ಆದ್ರಿ?”

ಕಾಕಾ ಚಹಾದ ಲೋಟ ಕೆಳಗಿಟ್ಟರು. “ಹಿರೇರಿಗೆ ಹಿಂಗ ಮಾತಾಡ್ತಾರೇನ?”

ಸೆಕೆಂಡ್‌ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಒಂದು, ಮದರ್‌ಬೋರ್ಡ್ ಒಂದು ಸುಟ್ಟುಹೋಗಿದ್ದವು. ಟ್ಯೂಷನ್ ಹೇಳಿ ಕೂಡಿಸಿದ್ದ ಇಪ್ಪತ್ತಾರು ಸಾವಿರ ಹೋಗಿತ್ತು.