ಕೈ ಹಿಡಿಯದ ನಿಮಿಷ

ಗೊಂಬೆಯ ಎದೆ ಏರಿಳಿದಂತೆ ಕಂಡಿತು — ಛೆ, ಫ್ಯಾನಿನ ಗಾಳಿಗೆ ಹೊದಿಕೆ ಅಲುಗಿದ್ದು ಅಷ್ಟೇ, ಇಪ್ಪತ್ತೆರಡು ವರ್ಷ ನರ್ಸಿಂಗ್ ಕಲಿಸಿದ ಮೇಡಮ್ಮಿಗೆ ರಬ್ಬರಿನ ಗೊಂಬೆ ಉಸಿರಾಡುವುದು ಕಂಡಿತಂತೆ ಅಂತ ಗೊತ್ತಾದರೆ ಹುಡುಗಿಯರು ಬಿದ್ದು ಬಿದ್ದು ನಗುತ್ತಾರೆ, ಮೂಗು ಸುಲಿದ ಈ ಅಭ್ಯಾಸದ ಗೊಂಬೆಗೆ ಅವರಿಟ್ಟ ಹೆಸರು ಮಾವ, ಇವತ್ತು ಮಾವನಿಗೆ ಸ್ನಾನ ಮಾಡಿಸೋ ಸರದಿ ಯಾರದ್ದೇ ಅಂತ ಕಿಸಿಕಿಸಿ, ಈಗ ಎಲ್ಲ ಹೋಗಿದ್ದಾರೆ, ಖಾಲಿ ಮಂಚಗಳು, ಮೇಜಿನ ಮೇಲೆ ಆಸ್ಪತ್ರೆಯ ಕಾಗದ, ಐದು ಗಂಟೆಯೊಳಗೆ ಬರೆದು ಕೊಡಬೇಕು, ನಿಮ್ಮ ಅಕ್ಕನ ಆರೈಕೆಯಲ್ಲಿ ನರ್ಸ್ ತಪ್ಪಿದ್ದಾಳೆಯೇ? ತಪ್ಪಿದ್ದಾಳೆ ಅಂದರೆ ಆ ಹುಡುಗಿಯ ಕೆಲಸ ಹೋಯಿತು, ಹೋಗಲಿ, ಅಕ್ಕನೇ ಹೋದಳಲ್ಲ, ಜೊತೆಗಿಟ್ಟ ಅಕ್ಕನ ಚಾರ್ಟಿನಲ್ಲಿ ನಿಮಿಷಕ್ಕೆ ಎಷ್ಟು ಉಸಿರು ಅನ್ನುವ ಸಾಲು ಕಣ್ಣಿಗೆ ರಾಚುತ್ತದೆ, ಎಂಟಕ್ಕೆ ಹದಿನೆಂಟು, ಹನ್ನೆರಡಕ್ಕೆ ಹದಿನೆಂಟು, ನಾಲ್ಕಕ್ಕೆ ಹದಿನೆಂಟು, ನೀಲಿ ಶಾಯಿ, ದುಂಡು ಅಂಕಿ — ಅವತ್ತು ಐದಕ್ಕೆ ಪಾಠ ಮುಗಿಸಿ ಇವಳು ಆಸ್ಪತ್ರೆಗೆ ಹೋದಾಗ ಅಕ್ಕ ದಿಂಬಿಗೆ ಒರಗಿದ್ದಳು, ಯಾಕೋ ಉಸಿರು ಸಾಲ್ತಿಲ್ಲ ಕಣೇ, ಬೆಳಗ್ಗಿಂದ ಹೀಗೇ, ಇವಳು ಗಡಿಯಾರ ನೋಡಿ ಎಣಿಸಿದರೆ ಮೂವತ್ತಾರು, ಇರಬೇಕಾದ್ದರ ಎರಡು ಪಟ್ಟು, ಅಷ್ಟರಲ್ಲಿ ಕೈ ಮೀರಿತ್ತು. ಇವಳ ಬಿಳಿ ಸಮವಸ್ತ್ರವನ್ನೆಲ್ಲ ಹೊಲಿದವಳು ಅಕ್ಕ, ಕಾಲರ್ ಸರಿಯಿಲ್ಲ ಅಂದರೆ ನಿನ್ನ ಕುತ್ತಿಗೇನೇ ಸೊಟ್ಟ ಅಂತಿದ್ದಳು, ಈಗ ಮನೆಯಲ್ಲಿ ಬಟ್ಟೆ ಮುಚ್ಚಿದ ಹೊಲಿಗೆ ಯಂತ್ರ, ರಜಾದಿನ ಇಡೀ ಬಾಯಿ ತೆರೆಯದೆ ಕಳೆದು, ಮಾರನೆಯ ದಿನ ತರಗತಿಯಲ್ಲಿ ಗುಡ್ ಮಾರ್ನಿಂಗ್ ಅನ್ನಲು ಗಂಟಲು ಕೆಮ್ಮಿ ಸರಿಮಾಡಿಕೊಳ್ಳಬೇಕು.

ಆ ನರ್ಸ್ ಹುಡುಗಿ ಇವಳ ಹಳೆಯ ಶಿಷ್ಯೆಯೇ, ಮಧ್ಯಾಹ್ನ ಬಂದು ಬಾಗಿಲಲ್ಲೇ ನಿಂತಳು, ಕೂರು ಅಂದರೂ ಕೂರಲಿಲ್ಲ, ನಾನು ಎಣಿಸ್ಲಿಲ್ಲ ಮೇಡಂ, ಸುಳ್ಳು ಹೇಳಲ್ಲ. ಹಾಗೆ ಬರೆಯೋದನ್ನ ಯಾರು ಕಲಿಸಿದ್ದು ನಿನಗೆ ಅಂತ ಇವಳು ಗದರಿದಳು, ಹುಡುಗಿ ನೆಲ ನೋಡಿದಳು, ನೀವೇ ಮೇಡಂ, ನಾನು ಓದ್ತಿದ್ದಾಗ ತಪಾಸಣೆಯವರು ಬಂದ ದಿನ, ನಲವತ್ತು ಚಾರ್ಟ್ ಬಾಕಿ ಇತ್ತಲ್ಲ, ಎಲ್ಲಕ್ಕೂ ಹದಿನೆಂಟು ಅಂತ ಬರ್ಕೊಂಡು ಹೋಗಮ್ಮ ಅಂದ್ರಿ. ಅಂದಿದ್ದಳೇ? ಅಂದಿದ್ದಳು. ನಾಡಿ ನೋಡುವ ಹಾಗೆ ಕೈ ಹಿಡಿದುಕೊಳ್ಳಿ, ಎದೆ ಏರಿಳಿಯುವುದನ್ನು ಗುಟ್ಟಾಗಿ ಎಣಿಸಿ, ಗೊತ್ತಾದರೆ ರೋಗಿಯ ಉಸಿರು ಬದಲಾಗುತ್ತದೆ, ಒಂದು ಪೂರ್ತಿ ನಿಮಿಷ ಅಂತ ವರ್ಷವಿಡೀ ಬಡಿದುಕೊಂಡದ್ದು ಗಾಳಿಗೆ ಹೋಯಿತು, ಅವಸರದಲ್ಲಿ ಒಂದೇ ಸಲ ಅಂದದ್ದು ಬೇರು ಬಿಟ್ಟಿತು, ಎಂಥ ಪಾಠ, ಎಂಥ ಮೇಡಂ — ಪೆನ್ನು ತೆಗೆದಳು, ತಪ್ಪಿದ್ದಾಳೆ ಅಂತ ಬರೆದಳು, ಅದರ ಕೆಳಗೆ, ಹಾಗೆ ಕಲಿಸಿದವಳು ನಾನು ಅಂತಲೂ ಬರೆದಳು, ಬರುವ ತಿಂಗಳು ಪ್ರಾಂಶುಪಾಲೆಯಾಗಬೇಕಿತ್ತು, ಅದಕ್ಕೂ ಎಳ್ಳುನೀರು ಬಿಟ್ಟಂತಾಯಿತು, ಪೆನ್ನು ಮುಚ್ಚಿಟ್ಟು ತನ್ನ ಉಸಿರನ್ನೇ ಎಣಿಸಲು ನೋಡಿದಳು, ಏಳು, ಎಂಟು, ಇಲ್ಲ, ಎಣಿಸುವವಳೂ ತಾನೇ ಆದರೆ ಗುಟ್ಟೆಲ್ಲಿ ಉಳಿಯಿತು, ಇದಕ್ಕೆ ಇನ್ನೊಬ್ಬರು ಬೇಕು, ಪಕ್ಕದಲ್ಲಿ ಕೂತು ಸುಮ್ಮನೆ ಕೈ ಹಿಡಿಯುವವರು, ಒಂದು ನಿಮಿಷ ಸಾಕು, ಅಕ್ಕನಿಗೆ ಅದೂ ಸಿಗಲಿಲ್ಲ, ಎಂಟಕ್ಕೆ ಯಾರೂ ಹಿಡಿಯಲಿಲ್ಲ, ಹನ್ನೆರಡಕ್ಕೆ ಯಾರೂ ಹಿಡಿಯಲಿಲ್ಲ, ನಾಲ್ಕಕ್ಕೆ — ನೀಲಿ ಶಾಯಿ, ದುಂಡು ಅಂಕಿ, ಹದಿನೆಂಟು, ಹದಿನೆಂಟು